ಎಂಟರಲ್ಲಿ ಎರಡು ಗೆದ್ದರೂ ನಷ್ಟ ಯಾಕೆ? ರೇಸ್ ಕಾರ್ಡ್ ಓದುವ ಬಗೆ

ಪ್ರಶ್ನೆ: ಎರಡು ವರ್ಷದಿಂದ ಪ್ರತಿ ಕುದುರೆ ರೇಸಿನ ದಿನದ ಹಿಂದಿನ ರಾತ್ರಿ ಕಾರ್ಡ್ (ಆ ದಿನದ ರೇಸು, ಕುದುರೆಗಳ ವಿವರದ ಹಾಳೆ) ಹಿಡಿದು ಐದಾರು ಗಂಟೆ ಕೂರುತ್ತೇನೆ. ಎಂಟು ರೇಸಿಗೂ ಒಂದೊಂದು ಕುದುರೆ ಆರಿಸಿ ಗೆಳೆಯರಿಗೆ ಕಳಿಸುತ್ತೇನೆ. ಎರಡು ಗೆಲ್ಲುತ್ತವೆ, ಅಪರೂಪಕ್ಕೆ ಮೂರು. ಏನೂ ಓದದೆ ಫೇವರಿಟ್ (ಜನ ಹೆಚ್ಚು ದುಡ್ಡು ಹಾಕಿದ, ಅತಿ ಕಡಿಮೆ ರೇಟಿನ ಕುದುರೆ) ಹಿಡಿಯುವ ನನ್ನ ಗೆಳೆಯನಿಗೂ ಅಷ್ಟೇ ಬರುತ್ತದೆ. ವರ್ಷದ ಕೊನೆಗೆ ಇಬ್ಬರದೂ ನಷ್ಟವೇ. ಮೊನ್ನೆ ‘ದಿನದ ಬೆಸ್ಟ್’ ಎಂದು ಬರೆದ ಕುದುರೆ ಮೂರು ವಾರದ ಹಿಂದೆ 1400 ಮೀಟರಿನಲ್ಲಿ ಮೂರೂವರೆ ಲೆಂತ್ (ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದಿತ್ತು. ಅದೇ ದೂರ, ಅದೇ ಜಾಕಿ, ರೇಟು 6/4 (ನಾಲ್ಕು ಹಾಕಿದರೆ ಆರು ಲಾಭ). ಬಂದದ್ದು ಐದನೆಯದಾಗಿ. ಜಾಕಿ ಬೇಕೆಂದೇ ಲಗಾಮು ಎಳೆದುಬಿಟ್ಟ ಎಂದು ಎಲ್ಲರೂ ಅನ್ನುತ್ತಿದ್ದಾರೆ. ಒಳಗಿನ ಸುದ್ದಿ ಇಲ್ಲದವರು ಕಾರ್ಡ್ ಓದಿ ಪ್ರಯೋಜನವಿದೆಯೇ? ಇದ್ದರೆ ಯಾವುದನ್ನು ಮೊದಲು ನೋಡಬೇಕು? (ಆ ಕುದುರೆಯ ಎರಡೂ ಓಟದ ವಿವರ ಜೊತೆಗಿಟ್ಟಿದ್ದೇನೆ.)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ನನಗೆ ಕುದುರೆ ಆರಿಸಲು ಬರುವುದಿಲ್ಲವೇನೋ ಎಂಬುದು ಒಂದು, ಆಟವೇ ಮೋಸವೇನೋ ಎಂಬುದು ಇನ್ನೊಂದು. ಮೊದಲನೆಯದನ್ನು ಈಗಲೇ ಬಿಟ್ಟುಬಿಡಿ. ಬಹುತೇಕ ಕಡೆ ಫೇವರಿಟ್ ಕುದುರೆ ಸುಮಾರು ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ನುರಿತವರು ಎಲ್ಲ ರೇಸಿಗೂ ಕಡ್ಡಾಯವಾಗಿ ಒಂದೊಂದು ಹೆಸರು ಕೊಟ್ಟರೆ ಅವರದೂ ಶೇಕಡಾ 30ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಂಟರಲ್ಲಿ ಶೇಕಡಾ 30 ಅಂದರೆ 2.4. ನಿಮಗೆ ಬರುತ್ತಿರುವುದೂ ಅದೇ.

ಈಗ ದುಡ್ಡಿನ ಕಡೆಯಿಂದ ನೋಡಿ. ನಿಮ್ಮ ಆಯ್ಕೆಗಳ ಸರಾಸರಿ ರೇಟು 2/1 ಎಂದುಕೊಳ್ಳೋಣ. ಎಂಟು ರೇಸಿಗೆ ಒಂದೊಂದು ಪಾಲಿನಂತೆ ಎಂಟು ಪಾಲು ಹೋಯಿತು. ಗೆದ್ದ ಒಂದೊಂದಕ್ಕೆ ಹಾಕಿದ್ದೂ ಸೇರಿ ಮೂರು ಪಾಲು ವಾಪಸ್, 2.4 ಗೆಲುವಿಗೆ 7.2. ಎಂಟು ಹಾಕಿ ಏಳೂ ಚಿಲ್ಲರೆ ತಂದಿರಿ, ಶೇಕಡಾ ಹತ್ತು ನಷ್ಟ. ನಿಮ್ಮದೂ ನಿಮ್ಮ ಗೆಳೆಯನದೂ ಒಂದೇ ಕಥೆ ಆಗುತ್ತಿರುವುದು ಇಲ್ಲಿ. ನೀವು ಐದು ಗಂಟೆ ಕೂತು ಮಾರುಕಟ್ಟೆಗೆ ಆಗಲೇ ಗೊತ್ತಿರುವುದನ್ನೇ ಮತ್ತೆ ಕಂಡುಹಿಡಿಯುತ್ತಿದ್ದೀರಿ. ಕಳೆದ ಸಲ ಗೆದ್ದದ್ದು, ಒಳ್ಳೆ ಜಾಕಿ, ಅದೇ ದೂರ: ಇವು ಎಲ್ಲರಿಗೂ ಕಾಣುತ್ತವೆ, ಆದ್ದರಿಂದ ರೇಟಿನಲ್ಲಿ ಮೊದಲೇ ಸೇರಿಹೋಗಿರುತ್ತವೆ. ಗೆಲ್ಲುವ ಕುದುರೆ ಯಾವುದು ಎಂಬ ಪ್ರಶ್ನೆಯ ಜಾಗದಲ್ಲಿ, ಈ ಕುದುರೆ ಗೆಲ್ಲುವ ಸಂಭವ ಎಷ್ಟು, ರೇಟು ಎಷ್ಟು ಹೇಳುತ್ತಿದೆ ಎಂಬ ಪ್ರಶ್ನೆ ಬರಬೇಕು.

ಮೊನ್ನೆಯ ಕುದುರೆಯನ್ನೇ ಬಿಡಿಸಿ ನೋಡೋಣ. ಬೇಕಾದದ್ದೆಲ್ಲ ನೀವು ಕಳಿಸಿದ ಹಾಳೆಯಲ್ಲೇ ಇದೆ.

ತೂಕ ಮೊದಲು. ಗೆದ್ದಾಗ ಅದು ಹೊತ್ತದ್ದು (ಜಾಕಿ, ಜೀನು ಸೇರಿ) 53 ಕಿಲೋ. ಗೆದ್ದ ಮೇಲೆ ಹ್ಯಾಂಡಿಕ್ಯಾಪರ್ (ಕುದುರೆಗಳಿಗೆ ತೂಕ ಗೊತ್ತುಮಾಡುವ ಅಧಿಕಾರಿ) ರೇಟಿಂಗ್ (ಸಾಮರ್ಥ್ಯದ ಅಂಕ) ಏರಿಸಿದರು, ಮೊನ್ನೆ 57.5 ಕಿಲೋ ಬಂತು. ಐನೂರು ಕಿಲೋ ಕುದುರೆಗೆ ನಾಲ್ಕೂವರೆ ಕಿಲೋ ಯಾವ ಲೆಕ್ಕ ಅನ್ನುವ ಮಾತು ಸ್ಟ್ಯಾಂಡಿನಲ್ಲಿ ಸದಾ ಕೇಳಿಬರುತ್ತದೆ. ಲೆಕ್ಕ ಹೀಗಿದೆ: 1400ರಿಂದ 1600 ಮೀಟರಿನಲ್ಲಿ ಒಂದು ಲೆಂತಿಗೆ ಹೆಚ್ಚುಕಡಿಮೆ ಒಂದು ಕಿಲೋ ಎಂದು ಹ್ಯಾಂಡಿಕ್ಯಾಪರ್‌ಗಳು ಹಿಡಿಯುತ್ತಾರೆ. 1000 ಮೀಟರಿನಲ್ಲಿ ಲೆಂತಿಗೆ ಸುಮಾರು 1.4 ಕಿಲೋ, 2400 ಮೀಟರಿನಲ್ಲಿ ಸುಮಾರು 0.7. ಒಂದು ಲೆಂತ್ ಅಂದರೆ ಸುಮಾರು 2.4 ಮೀಟರ್. ನಾಲ್ಕು ಲೆಂತ್ ಹತ್ತು ಮೀಟರಿಗೆ ಸ್ವಲ್ಪ ಕಡಿಮೆ, 1400 ಮೀಟರಿನಲ್ಲಿ ಅದು ಮುಕ್ಕಾಲು ಶೇಕಡಾಕ್ಕಿಂತ ತುಸು ಕಮ್ಮಿ. ಐನೂರು ಕಿಲೋಗೆ ನಾಲ್ಕು ಕಿಲೋ ಕೂಡ ಅಷ್ಟೇ ಆಸುಪಾಸು. ಹಗುರವೆಂದು ಕಾಣುವ ತೂಕ ರೇಸ್ ಕಳೆಯಲು ಸಾಕು, ಯಾಕೆಂದರೆ ರೇಸ್ ತೀರ್ಮಾನವಾಗುವುದೇ ಅಂಥ ಅಂತರದಲ್ಲಿ. ನಿಮ್ಮ ಕುದುರೆ ಮೂರೂವರೆ ಲೆಂತ್ ಗಳಿಸಿತ್ತು, ತೂಕ ಅದನ್ನೂ ತಿಂದು ಮೇಲೆ ಇನ್ನೊಂದು ಲೆಂತ್ ಸಾಲ ಉಳಿಸಿತು.

ಆದರೆ ಬರೀ ತೂಕ ಕಾರಣವಲ್ಲ. ಏರುತ್ತಿರುವ ಕುದುರೆ ನಾಲ್ಕೈದು ಕಿಲೋ ಹೆಚ್ಚು ಹೊತ್ತೂ ಮತ್ತೆ ಗೆಲ್ಲುವುದುಂಟು. ಹಾಗಾಗಿ ಮೊದಲ ಗೆಲುವು ಹೇಗೆ ಬಂತು ಎಂದು ನೋಡಬೇಕು. ನಿಮ್ಮ ಹಾಳೆಯ ಪ್ರಕಾರ ಅಂದು ಅದು ಗೇಟಿನಿಂದಲೇ ಲೀಡ್ ತೆಗೆದುಕೊಂಡಿತು. ಮೊದಲ 800 ಮೀಟರಿಗೆ 50 ಸೆಕೆಂಡು, ಕೊನೆಯ 600ಕ್ಕೆ 34.5. ಅಂದರೆ ಮುಂದೆ ಯಾರೂ ಪೈಪೋಟಿಗೆ ಬರಲಿಲ್ಲ, ಆರಾಮಾಗಿ ಓಡಿ ಉಸಿರು ಉಳಿಸಿಕೊಂಡು ಕೊನೆಯಲ್ಲಿ ಬಿಟ್ಟಿತು. ಹಿಂದೆ ಇದ್ದವು ಎಷ್ಟೇ ಚೆನ್ನಾಗಿ ಓಡಿದರೂ 34.5ರಲ್ಲಿ ಓಡುವ ಕುದುರೆಯನ್ನು ಹಿಂದಿನಿಂದ ಬಂದು ಹಿಡಿಯಲಾಗದು. ಮೊನ್ನೆ ಕಾರ್ಡಿನಲ್ಲಿ ಮುಂದೆ ಓಡುವ ಕುದುರೆ ಇನ್ನೆರಡಿದ್ದವು. ಮೂರೂ ಸೇರಿ ಮೊದಲ 800 ಮೀಟರನ್ನು 48 ಸೆಕೆಂಡಿನಲ್ಲಿ ಸುಟ್ಟವು, ಅದೂ ಮಳೆ ಬಿದ್ದು ಮೆತ್ತಗಾದ ನೆಲದಲ್ಲಿ. ಆ ಮೂರೂ ಕೊನೆಯಲ್ಲಿ ನಿಂತುಬಿಟ್ಟವು ಎಂದು ಹಾಳೆಯಲ್ಲಿ ನೀವೇ ಬರೆದಿದ್ದೀರಿ. ಜಾಕಿ ಎಳೆದಿದ್ದರೆ ಉಳಿದಿಬ್ಬರು ಜಾಕಿಗಳೂ ಎಳೆದಿರಬೇಕಾಗುತ್ತದೆ.

ವೇಗದ ಈ ಲೆಕ್ಕ ಎಷ್ಟು ದೊಡ್ಡ ರೇಸನ್ನೂ ತಲೆಕೆಳಗು ಮಾಡುತ್ತದೆ. ಅಮೆರಿಕದ 2022ರ ಕೆಂಟಕಿ ಡರ್ಬಿಯಲ್ಲಿ ಮೊದಲ ಕಾಲು ಮೈಲಿ 21.78 ಸೆಕೆಂಡಿನಲ್ಲಿ ಮುಗಿಯಿತು, ಆ ರೇಸಿನ ಚರಿತ್ರೆಯಲ್ಲೇ ಅತಿ ವೇಗದ ಆರಂಭ. ಮುಂದಿದ್ದವು ಒಂದೊಂದಾಗಿ ಸೋತವು. ಹಿಂದಿನ ದಿನವಷ್ಟೇ ಇನ್ನೊಂದು ಕುದುರೆ ಹಿಂದೆ ಸರಿದದ್ದರಿಂದ ಜಾಗ ಸಿಕ್ಕಿದ್ದ ರಿಚ್ ಸ್ಟ್ರೈಕ್ ಕೊನೆಯ ಸಾಲಿನಿಂದ ಬಂದು 80/1ಕ್ಕೆ ಗೆದ್ದಿತು. ಅದನ್ನು ಮೊದಲೇ ಹೇಳಬಹುದಿತ್ತು ಎನ್ನುವುದಿಲ್ಲ. ಮುಂದೆ ನೂಕುನುಗ್ಗಲು ಆಗುವ ರೇಸಿನಲ್ಲಿ ಮುಂದೆ ಓಡುವ ಫೇವರಿಟ್‌ಗೆ ಕಡಿಮೆ ರೇಟಿನಲ್ಲಿ ದುಡ್ಡು ಹಾಕಬಾರದು ಎಂಬಷ್ಟನ್ನು ಮಾತ್ರ ಮೊದಲೇ ಹೇಳಬಹುದು.

ಮೋಸದ ಪ್ರಶ್ನೆಗೆ ನೇರ ಮಾತು: ಈ ಆಟದಲ್ಲಿ ತಪ್ಪು ನಡೆಯುವುದೇ ಇಲ್ಲ ಎಂದು ಯಾರೂ ಹೇಳಲಾರರು. ಸ್ಟೀವರ್ಡ್‌ಗಳು (ರೇಸಿನ ಮೇಲ್ವಿಚಾರಕರು), ವಿಡಿಯೊ, ಡೋಪ್ ಪರೀಕ್ಷೆ ಇರುವುದೇ ಅದಕ್ಕೆ. ಆದರೆ ಸೋಲಿಗೆ ತೂಕ, ನೆಲ, ವೇಗ, ಡ್ರಾ (ಗೇಟಿನಲ್ಲಿ ಸಿಕ್ಕ ಜಾಗದ ನಂಬರು), ಅಡ್ಡ ಸಿಕ್ಕಿದ್ದು ಇಷ್ಟನ್ನೂ ನೋಡಿದ ಮೇಲೂ ಉತ್ತರ ಸಿಗದಿದ್ದರೆ ಮಾತ್ರ ಆ ಅನುಮಾನಕ್ಕೆ ಹೋಗಿ. ಮೊದಲೇ ಅಲ್ಲಿಗೆ ಹೋದವರು ಮುಂದಿನ ಸಲಕ್ಕೆ ಏನೂ ಕಲಿತಿರುವುದಿಲ್ಲ. ಇನ್ನು ‘ಒಳಗಿನ ಸುದ್ದಿ’. ಲಾಯದಲ್ಲಿ ಕೆಲಸ ಮಾಡುವವರಿಗೆ ತಮ್ಮ ಕುದುರೆ ಚೆನ್ನಾಗಿದೆ ಎಂದು ಗೊತ್ತಿರುತ್ತದೆ, ನಿಜ. ಪಕ್ಕದ ಲಾಯದ ಒಂಬತ್ತು ಕುದುರೆಗಳು ಹೇಗಿವೆ ಎಂದು ಅವರಿಗೂ ಗೊತ್ತಿಲ್ಲ. ಒಂದೇ ರೇಸಿಗೆ ನಾಲ್ಕು ‘ಖಚಿತ ಟಿಪ್’ ಓಡಾಡುವುದು ಇದರಿಂದಲೇ. ನಾಲ್ಕರಲ್ಲಿ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ. ಖಚಿತ ಎಂಬ ಮಾತಿನ ಬೆಲೆ ತಿಳಿಯಲು ಸೆಕ್ರೆಟೇರಿಯಟ್ ಎಂಬ ಅಮೆರಿಕದ ಕುದುರೆ ಸಾಕು. 1973ರ ಜೂನಿನಲ್ಲಿ ಬೆಲ್ಮಾಂಟ್ ಸ್ಟೇಕ್ಸನ್ನು 31 ಲೆಂತ್‌ಗಳಿಂದ ಗೆದ್ದ ಕುದುರೆ ಅದು. ಅದೇ ಆಗಸ್ಟಿನಲ್ಲಿ ಸಾರಾಟೋಗಾದಲ್ಲಿ ಆನಿಯನ್ ಎಂಬ ಕುದುರೆಗೆ ಸೋತಿತು.

ಯಾವುದನ್ನು ಮೊದಲು ನೋಡಬೇಕು ಎಂದಿರಿ. ಮೊದಲು ಬಿಡಬೇಕಾದ ರೇಸುಗಳನ್ನು ನೋಡಿ. ಕಾರ್ಡ್ ಸಿಕ್ಕಿದ ಮೊದಲ ಕಾಲು ಗಂಟೆ ಪೆನ್ಸಿಲಿನಿಂದ ಗೀಟು ಹಾಕುವ ಕೆಲಸ ಅಷ್ಟೇ. ಅರ್ಧದಷ್ಟು ಕುದುರೆಗಳು ಮೊದಲ ಬಾರಿ ಓಡುತ್ತಿರುವ ಎಳೆ ಕುದುರೆಗಳ ಮೇಡನ್ (ಇನ್ನೂ ಒಮ್ಮೆಯೂ ಗೆಲ್ಲದವುಗಳ) ರೇಸಿನಲ್ಲಿ ಓದಲು ಏನಿದೆ? ಹದಿನಾರು ಕುದುರೆಗಳ ಕೆಳ ದರ್ಜೆಯ ಹ್ಯಾಂಡಿಕ್ಯಾಪ್ (ಸಾಮರ್ಥ್ಯಕ್ಕೆ ತಕ್ಕ ತೂಕ ಹೊರಿಸುವ ರೇಸು), ಯಾವುದೂ ಆರು ತಿಂಗಳಿಂದ ಗೆದ್ದಿಲ್ಲ. ಅಲ್ಲಿ ನಿಮ್ಮ ಒಂದು ಗಂಟೆ ವ್ಯರ್ಥ. ಎಂಟರಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ. ಏಳರಿಂದ ಹನ್ನೆರಡು ಕುದುರೆ, ಬಹುತೇಕ ಎಲ್ಲವೂ ಇತ್ತೀಚೆಗೆ ಇದೇ ದೂರದ ಆಸುಪಾಸಿನಲ್ಲಿ ಓಡಿರುವಂಥವು, ಇಂಥ ರೇಸೇ ಓದುವುದಕ್ಕೆ ತಕ್ಕದ್ದು. ಗೆಳೆಯರಿಗೆ ಎಂಟೂ ಬೇಕಾದರೆ ಉಳಿದ ನಾಲ್ಕಕ್ಕೆ ‘ಇಲ್ಲಿ ನನಗೆ ಅಭಿಪ್ರಾಯವಿಲ್ಲ’ ಎಂದು ಬರೆಯಿರಿ. ಮುನ್ನೋಟ ಬರೆಯುವವರು ಬರೆಯಲು ಅತಿ ಹಿಂಜರಿಯುವ ವಾಕ್ಯ ಅದು.

ಉಳಿದ ರೇಸುಗಳಲ್ಲಿ ಕುದುರೆಯ ಹೆಸರು ನೋಡುವ ಮೊದಲು ರೇಸಿನ ನಕ್ಷೆ ಬರೆಯಿರಿ. ಒಂದೊಂದು ಕುದುರೆಯ ಕಳೆದ ನಾಲ್ಕು ಓಟದಲ್ಲಿ ಮೊದಲ 400 ಮೀಟರಿನ ಹೊತ್ತಿಗೆ ಎಲ್ಲಿತ್ತು ಎಂದು ವಿಡಿಯೊದಲ್ಲೋ ಟಿಪ್ಪಣಿಯಲ್ಲೋ ನೋಡಿ. ಮುಂದೆ, ಮುಂದಿನವರ ಬೆನ್ನಿಗೆ, ನಡುವೆ, ಹಿಂದೆ ಎಂದು ನಾಲ್ಕು ಸಾಲಿನಲ್ಲಿ ಹಾಕಿ. ಮುಂದಿನ ಸಾಲಿನಲ್ಲಿ ಒಂದೇ ಇದ್ದರೆ ಅದಕ್ಕೆ ಬೆಲೆ ಹೆಚ್ಚು. ಮೂರಿದ್ದರೆ ಎರಡನೇ, ಮೂರನೇ ಸಾಲಿನವಕ್ಕೆ ಹೆಚ್ಚು. ಒಂದೂ ಇಲ್ಲದಿದ್ದರೆ ರೇಸ್ ನಿಧಾನವಾಗಿ ಸಾಗುತ್ತದೆ, ಕೊನೆಯಿಂದ ಬರುವ ಕುದುರೆ ಎಷ್ಟೇ ಚೆನ್ನಾಗಿದ್ದರೂ ತಡವಾಗುತ್ತದೆ. ಈ ನಕ್ಷೆಗೆ ಹದಿನೈದು ನಿಮಿಷ ಸಾಕು. ನೀವು ಜಾಕಿಯ ಗೆಲುವಿನ ಪಟ್ಟಿಗೆ ಕೊಡುವ ಒಂದು ಗಂಟೆಗಿಂತ ಇದು ಹೆಚ್ಚು ಹೇಳುತ್ತದೆ.

ಡ್ರಾ ನಂಬರನ್ನು ಈ ನಕ್ಷೆಯ ಮೇಲೇ ಕೂರಿಸಿ, ಬೇರೆಯಾಗಿ ನೋಡಬೇಡಿ. ಬೆಂಡಿನಲ್ಲಿ (ತಿರುವಿನಲ್ಲಿ) ರೈಲಿನಿಂದ (ಒಳಗಿನ ಬೇಲಿಯಿಂದ) ಒಂದು ಮೀಟರ್ ಹೊರಗೆ ಓಡಿದ ಕುದುರೆ ಅರ್ಧ ಸುತ್ತಿಗೆ 3.1 ಮೀಟರ್ ಹೆಚ್ಚು ಓಡುತ್ತದೆ. ಟ್ರ್ಯಾಕ್ ಚಿಕ್ಕದೋ ದೊಡ್ಡದೋ, ಈ ಲೆಕ್ಕ ಬದಲಾಗುವುದಿಲ್ಲ. ಮೂರು ಮೀಟರ್ ಹೊರಗಿದ್ದರೆ ಒಂಬತ್ತು ಮೀಟರ್, ಹತ್ತಿರ ಹತ್ತಿರ ನಾಲ್ಕು ಲೆಂತ್. ಇಂಗ್ಲೆಂಡಿನ ಚೆಸ್ಟರ್ ಟ್ರ್ಯಾಕು ಬಹುಪಾಲು ಬೆಂಡೇ ಆದ್ದರಿಂದ ಅಲ್ಲಿನ ಐದು ಫರ್ಲಾಂಗ್ ರೇಸಿನಲ್ಲಿ ಒಳಗಿನ ಡ್ರಾ ಸಿಕ್ಕವರ ಮುಖ ಬೆಳಗುತ್ತದೆ. ಹೊರಗಿನ ಡ್ರಾ ಸಿಕ್ಕರೂ ಹಿಂದೆ ಕೂತು ಒಳಗೆ ಜಾರಿಕೊಳ್ಳುವ ಕುದುರೆಗೆ ನಷ್ಟ ಕಡಿಮೆ. ಹೊರಗಿನ ಡ್ರಾ ಇರುವ, ಮುಂದೆ ಓಡಲೇಬೇಕಾದ ಕುದುರೆಗೆ ನಷ್ಟ ಪೂರ್ತಿ. ನೇರ ಟ್ರ್ಯಾಕಿನಲ್ಲಿ ಈ ಲೆಕ್ಕವೇ ಇಲ್ಲ. ಅಲ್ಲಿ ನೆಲದ ಯಾವ ಪಟ್ಟಿ ಗಟ್ಟಿ ಇದೆ ಎಂಬುದು ಮುಖ್ಯ, ಅದು ದಿನದ ಮೊದಲ ಎರಡು ರೇಸು ನೋಡಿದರೆ ತಿಳಿಯುತ್ತದೆ.

ನೆಲದ ವಿಷಯದಲ್ಲಿ ಒಂದು ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಒದ್ದೆ ನೆಲದಲ್ಲಿ ಒಮ್ಮೆ ಸೋತ ಕುದುರೆಗೆ ‘ಮೆತ್ತನೆ ನೆಲ ಆಗದು’ ಎಂದು ಹಣೆಪಟ್ಟಿ ಹಚ್ಚುತ್ತಾರೆ. ಒಂದು ಓಟದಿಂದ ಅದು ಗೊತ್ತಾಗುವುದಿಲ್ಲ, ನಿಮ್ಮ ಕುದುರೆಯ ವಿಷಯದಲ್ಲೂ ಅಷ್ಟೇ. ಅಗಲ ಗೊರಸಿನ ಕುದುರೆ ಕೆಸರಿಗೆ ಒಳ್ಳೆಯದು ಎಂಬ ಹಳೆಯ ಮಾತಿಗಿಂತ ಅಂಥ ನೆಲದಲ್ಲಿ ಅದು ಓಡಿದ ಎರಡು ಮೂರು ಓಟಗಳ ದಾಖಲೆ ಮೇಲು.

ದರ್ಜೆ, ವಯಸ್ಸು, ಬಿಡುವು ಇವನ್ನು ಬೇಗ ನೋಡಿ ಮುಗಿಸಬಹುದು. ದರ್ಜೆ ಇಳಿದು ಬಂದ ಕುದುರೆಯ ‘ಏಳನೇ ಸ್ಥಾನ’, ಕೆಳ ದರ್ಜೆಯಲ್ಲಿ ಗೆದ್ದು ಮೇಲೆ ಬಂದ ಕುದುರೆಯ ‘ಒಂದನೇ ಸ್ಥಾನ’ಕ್ಕಿಂತ ಎಷ್ಟೋ ಸಲ ಮೇಲು. ಸ್ಥಾನದ ಅಂಕಿ ನೋಡದೆ ಗೆದ್ದ ಕುದುರೆಗಿಂತ ಎಷ್ಟು ಲೆಂತ್ ಹಿಂದಿತ್ತು ಎಂದು ನೋಡಿ. ನಾಲ್ಕು ತಿಂಗಳು ಬಿಡುವಿನ ಮೇಲೆ ಓಡುವ ಕುದುರೆಗೆ ಟ್ರೈನರ್ ಯಾರು ಎಂಬುದೇ ಉತ್ತರ. ಕೆಲವರು ಮೊದಲ ಓಟಕ್ಕೇ ತಯಾರು ಮಾಡಿ ತರುತ್ತಾರೆ, ಕೆಲವರಿಗೆ ಮೊದಲ ಓಟವೂ ತಯಾರಿಯ ಭಾಗ. ಮೊದಲ ಬಾರಿ ಬ್ಲಿಂಕರ್ಸ್ (ಪಕ್ಕದ ನೋಟ ಮರೆಮಾಡುವ ಕಣ್ಣಪಟ್ಟಿ) ಹಾಕಿದ್ದು ಗಮನಿಸತಕ್ಕ ಸಂಗತಿ, ಆದರೆ ಮುಂದೆ ಓಡುವ ಕುದುರೆಗೆ ಅದು ಕೆಟ್ಟದ್ದನ್ನೂ ಮಾಡಬಹುದು: ಆರಂಭದಲ್ಲೇ ಎಳೆದಾಡಿ ದಣಿಯುತ್ತದೆ. ಅಪ್ರೆಂಟಿಸ್ (ಇನ್ನೂ ಕಲಿಯುತ್ತಿರುವ) ಜಾಕಿಯ ತೂಕದ ರಿಯಾಯಿತಿ ಮೂರು ಕಿಲೋ ಇದ್ದರೆ ಅದನ್ನೂ ಲೆಂತಿಗೆ ತಿರುಗಿಸಿ ಲೆಕ್ಕಕ್ಕೆ ಹಿಡಿಯಿರಿ. ಹತ್ತು ಕುದುರೆ ಒತ್ತೊತ್ತಾಗಿ ಓಡುವ ಬೆಂಡಿನಲ್ಲಿ ಅನುಭವವಿಲ್ಲದವನು ಆ ಮೂರು ಲೆಂತನ್ನು ಅಲ್ಲೇ ಕಳೆಯುವುದೂ ಉಂಟು.

ಇಷ್ಟಾದ ಮೇಲೆ, ರೇಟು ನೋಡುವ ಮೊದಲು, ಪ್ರತಿ ಕುದುರೆಗೂ ನಿಮ್ಮದೇ ಒಂದು ಸಂಭವ ಬರೆಯಿರಿ. ಒಟ್ಟು ಸರಿಯಾಗಿ 100 ಬರಬೇಕು. ಮೊದಮೊದಲು ನಿಮಗೆ ಇಷ್ಟವಾದ ಮೂರಕ್ಕೆ 40, 35, 30 ಕೊಟ್ಟುಬಿಡುತ್ತೀರಿ, ಉಳಿದ ಆರಕ್ಕೆ ಏನೂ ಉಳಿದಿರುವುದಿಲ್ಲ. ಕೈ ಹಿಡಿತಕ್ಕೆ ಬರುವುದು ಆಗಲೇ. ನಂತರ ರೇಟಿನ ಹಾಳೆ ತೆಗೆಯಿರಿ. ಏಳು ಕುದುರೆಗಳ ರೇಟು 2/1, 3/1, 4/1, 6/1, 8/1, 10/1, 20/1 ಎಂದಿರಲಿ. ಇವನ್ನು ಶೇಕಡಾಕ್ಕೆ ತಿರುಗಿಸಿದರೆ (2/1 ಅಂದರೆ ಮೂರರಲ್ಲಿ ಒಂದು) 33.3, 25, 20, 14.3, 11.1, 9.1, 4.8. ಕೂಡಿದರೆ 117.6. ನೂರಕ್ಕಿಂತ ಮೇಲಿನ ಆ 17.6 ಬುಕ್ಕಿಯ ಪಾಲು. ಟೋಟ್‌ನಲ್ಲಾದರೆ (ಎಲ್ಲರ ದುಡ್ಡು ಒಟ್ಟುಮಾಡಿ ಗೆದ್ದವರಿಗೆ ಹಂಚುವ ಪದ್ಧತಿ) ಹಂಚುವ ಮೊದಲೇ ಒಂದು ಭಾಗ ಮುರಿದುಕೊಳ್ಳುತ್ತಾರೆ, ಬಾಗಿಲು ಬೇರೆ ಅಷ್ಟೇ. 2/1 ಕುದುರೆಯ ಸಂಭವವನ್ನು ಮಾರುಕಟ್ಟೆ ನಿಜವಾಗಿ ಎಣಿಸುತ್ತಿರುವುದು 33 ಅಲ್ಲ, 33.3ನ್ನು 1.176ರಿಂದ ಭಾಗಿಸಿದರೆ ಬರುವ 28. ನೀವು ಒಂದು ಕುದುರೆಗೆ 20 ಕೊಟ್ಟಿದ್ದು ರೇಟು 6/1 ಇದ್ದರೆ, ನೂರು ಸಲ ಒಂದೊಂದು ಪಾಲು ಹಾಕಿದಾಗ 20 ಗೆಲುವಿಗೆ ಏಳೇಳು, 140 ವಾಪಸ್. ಅದೇ ಕುದುರೆ 3/1 ಇದ್ದರೆ 80. ಕುದುರೆ ಒಂದೇ, ಅಭಿಪ್ರಾಯ ಒಂದೇ, ಒಂದು ಕೊಳ್ಳುವ ಬೆಲೆ, ಇನ್ನೊಂದು ಬಿಡುವ ಬೆಲೆ. ನಿಮ್ಮ ಎಣಿಕೆ ಸರಿ ಇದ್ದರೆ ಎಂಬ ಷರತ್ತು ಮಾತ್ರ ಮರೆಯಬೇಡಿ. 20 ಎಂದದ್ದು ನಿಜದಲ್ಲಿ 13 ಆಗಿದ್ದರೆ 6/1 ಕೂಡ ನಷ್ಟವೇ.

ರೇಟು ಇಳಿಯುತ್ತಿದೆ ಅಂದರೆ ಯಾರಿಗೋ ಏನೋ ಗೊತ್ತಿದೆ ಎಂದು ಹಿಂದೆ ಓಡುವುದು ಇನ್ನೊಂದು ಹಳ್ಳ. 1996ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಆಸ್ಕಟ್‌ನಲ್ಲಿ ಜಾಕಿ ಫ್ರಾಂಕಿ ಡೆಟ್ಟೋರಿ ಏಳು ರೇಸಿಗೆ ಏಳೂ ಗೆದ್ದರು. ಕೊನೆಯ ಕುದುರೆ ಫ್ಯೂಜಿಯಾಮಾ ಕ್ರೆಸ್ಟ್ ಬೆಳಗ್ಗೆ 12/1 ಇತ್ತು, ಓಡುವ ಹೊತ್ತಿಗೆ 2/1. ಆರು ಗೆಲುವು ಕಂಡ ಜನರ ದುಡ್ಡು, ಬುಕ್ಕಿಗಳ ಹೆದರಿಕೆ ಸೇರಿ ರೇಟು ಇಳಿಸಿದ್ದವು. ಬೆಳಗ್ಗಿನಿಂದ ಸಂಜೆಯೊಳಗೆ ಕುದುರೆಯ ಕಾಲಿಗೆ ಹೊಸ ಬಲವೇನೂ ಬಂದಿರಲಿಲ್ಲ. ಗೆದ್ದಿತು ನಿಜ, ಆದರೂ 2/1 ಅದರ ಸರಿ ಬೆಲೆಯಾಗಿರಲಿಲ್ಲ. ಹಾಗೆಂದು ದೊಡ್ಡ ರೇಟಿನ ಔಟ್‌ಸೈಡರ್‌ಗಳನ್ನೇ ಹಿಡಿಯುವುದು ಮದ್ದಲ್ಲ. ಅಮೆರಿಕದ ರೇಸುಗಳ ಲೆಕ್ಕ ತೆಗೆದ ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲೇ ತೋರಿಸಿದಂತೆ, ಜನ ದೊಡ್ಡ ರೇಟಿನ ಕುದುರೆಗಳಿಗೆ ಅವುಗಳ ಯೋಗ್ಯತೆಗಿಂತ ಹೆಚ್ಚು ದುಡ್ಡು ಹಾಕುತ್ತಾರೆ. 50/1ರ ಕುದುರೆ ಐವತ್ತೊಂದರಲ್ಲಿ ಒಮ್ಮೆಯೂ ಗೆಲ್ಲುವುದು ಕಷ್ಟ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿಗಳು ಯಾವುವು? ಎಂಟರಲ್ಲಿ ಎರಡು ಮೂರಕ್ಕೆ ಮಾತ್ರ ವಿನ್ (ಕುದುರೆ ಮೊದಲನೆಯದಾಗಿ ಬಂದರೆ ಮಾತ್ರ ದುಡ್ಡು) ಹಿಡಿಯುವುದು ಎಲ್ಲಕ್ಕಿಂತ ಸ್ವಚ್ಛ, ಆದರೆ ತಾಳ್ಮೆ ಬೇಕು. ಶೇಕಡಾ 30 ಗೆಲ್ಲುವವರಿಗೂ ನೂರು ಆಯ್ಕೆಯಲ್ಲಿ ಒಂಬತ್ತೋ ಹತ್ತೋ ಸಾಲಾಗಿ ಸೋಲುವ ಗಳಿಗೆ ಬರುವ ಸಂಭವವೇ ಹೆಚ್ಚು. ಆ ಹೊತ್ತಿನಲ್ಲಿ ಪಾಲು ದುಪ್ಪಟ್ಟು ಮಾಡಿ ಹಿಂದಿನದನ್ನು ವಸೂಲಿ ಮಾಡಲು ಹೊರಟವರೇ ಮುಳುಗುವುದು. ಪ್ಲೇಸ್ (ಮೊದಲ ಕೆಲವು ಸ್ಥಾನಗಳಲ್ಲಿ ಬಂದರೂ ದುಡ್ಡು) ಹಿಡಿದರೆ ಸಾಲು ಸೋಲು ಕಡಿಮೆಯಾಗುತ್ತದೆ, ಆದರೆ ಫೇವರಿಟ್ ಕುದುರೆಯ ಪ್ಲೇಸ್‌ನಲ್ಲಿ ಬರುವುದು ಚಿಲ್ಲರೆ. ನಡು ರೇಟಿನ, ಸದಾ ಎರಡು ಮೂರರಲ್ಲಿ ಬರುವ ಕುದುರೆಗೆ ಅದು ಹೊಂದುತ್ತದೆ. ಜಾಕ್‌ಪಾಟ್ ಮಾದರಿಯ ಐದು ರೇಸಿನ ಆಟದಲ್ಲಿ ಪ್ರತಿ ರೇಸಿಗೂ ಶೇಕಡಾ 30ರ ಒಂದೊಂದು ಕುದುರೆ ಹಾಕಿದರೆ ಐದೂ ಬರುವ ಸಂಭವ 411ರಲ್ಲಿ ಒಂದು. ಎರಡೆರಡು ಹಾಕಿ ಶೇಕಡಾ 50ಕ್ಕೆ ಏರಿಸಿದರೆ 32ರಲ್ಲಿ ಒಂದು, ಆದರೆ ಟಿಕೆಟ್ಟೂ 32 ಪಟ್ಟು. ಮಜಾಕ್ಕೆ ಸರಿ, ವರ್ಷದ ಲೆಕ್ಕಕ್ಕೆ ಅಲ್ಲ. ದುಡ್ಡೇ ಹಾಕದೆ ಬರೀ ಮುನ್ನೋಟ ಬರೆಯುವುದೂ ಒಂದು ದಾರಿ. ನಿಮ್ಮ ಎಣಿಕೆ ಸರಿಯೇ ಎಂದು ತಿಳಿಯಲು ಕನಿಷ್ಠ ಇನ್ನೂರು ಆಯ್ಕೆಗಳ ದಾಖಲೆ ಬೇಕು. ಅದನ್ನು ದುಡ್ಡಿಲ್ಲದೆ ಮಾಡಿದರೆ ನಷ್ಟ ಸಮಯದ್ದು ಮಾತ್ರ.

ರಾತ್ರಿ ಬರೆದ ಮುನ್ನೋಟ ಬೆಳಗ್ಗೆ ಹಳಸಿರುತ್ತದೆ ಎಂಬುದನ್ನೂ ಗಮನದಲ್ಲಿಡಿ. ಮಳೆ ಬರಬಹುದು, ಒಂದು ಕುದುರೆ ಹಿಂದೆ ಸರಿಯಬಹುದು. ಹಿಂದೆ ಸರಿದದ್ದು ಮುಂದೆ ಓಡುವ ಕುದುರೆಯಾದರೆ ನಿಮ್ಮ ನಕ್ಷೆಯೇ ಬೇರೆ. ಆದ್ದರಿಂದ ಪ್ರತಿ ಆಯ್ಕೆಯನ್ನೂ ಷರತ್ತಿನೊಂದಿಗೆ ಬರೆಯಿರಿ: ನೆಲ ಹೀಗಿದ್ದರೆ, ಇಂಥ ಕುದುರೆ ಓಡಿದರೆ, ಇಷ್ಟು ರೇಟಿಗೆ ಕಡಿಮೆಯಾಗದಿದ್ದರೆ. ಪ್ಯಾಡಕ್ (ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ನೋಡಲು ಅವಕಾಶವಿದ್ದರೆ ಆರಿಸುವುದಕ್ಕಿಂತ ಬಿಡುವುದಕ್ಕೆ ಅದನ್ನು ಬಳಸಿ. ಸೆಕೆಯಲ್ಲಿ ಕುತ್ತಿಗೆ ಬೆವರುವುದು ಸಹಜ. ಹಿಂಗಾಲುಗಳ ನಡುವೆ ಬಿಳಿ ನೊರೆ, ಜಗ್ಗಾಟ, ಹೆಜ್ಜೆ ಮೊಟಕು ಇವು ಒಟ್ಟಿಗೆ ಕಂಡರೆ ಕುದುರೆ ಓಟದ ಕಸುವನ್ನು ಅಲ್ಲೇ ಖರ್ಚು ಮಾಡುತ್ತಿದೆ.

ನಿಮ್ಮ ಕುದುರೆ ಮುಂದಿನ ಸಲ ಬಂದಾಗ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಐದನೆಯದಾಗಿ ಬಂದ ಮೇಲೆ ರೇಟಿಂಗ್ ಸ್ವಲ್ಪ ಇಳಿಯಬಹುದು, 56 ಕಿಲೋ ಆಸುಪಾಸು ಬಂದರೆ ಒಳ್ಳೆಯದು. ಜನ ಮೊನ್ನೆಯ ಸೋಲನ್ನು ನೆನಪಿಟ್ಟಿರುತ್ತಾರೆ, 6/4 ಇದ್ದದ್ದು 5/1 ಆಗಿರಬಹುದು. ನೆಲ ಒಣಗಿದ್ದು, ಕಾರ್ಡಿನಲ್ಲಿ ಮುಂದೆ ಓಡುವ ಇನ್ನೊಂದು ಕುದುರೆ ಇಲ್ಲದಿದ್ದರೆ ಅದಕ್ಕೆ 22ರಿಂದ 25ರ ಸಂಭವ ಕೊಡಬಹುದು, 5/1ಕ್ಕೆ ಹಿಡಿಯಬಹುದು. ಮತ್ತೆ 2/1ಕ್ಕೆ ಇಳಿದರೆ, ಅಥವಾ ಮೊನ್ನೆಯ ಆ ಎರಡರಲ್ಲಿ ಒಂದು ಒಳಗಿನ ಡ್ರಾದಲ್ಲಿ ಬಂದು ಕೂತಿದ್ದರೆ, ಬಿಡಿ.